ಮೂರು ವಾರದ ಬುತ್ತಿ ಕಟ್ಟಿಕೊಂಡು ಇಂಫಾಲ್‌ಗೆ

1944ರಲ್ಲಿ ಜಪಾನ್ ಸೇನೆ ಇಂಫಾಲ್‌ನಲ್ಲಿ ಸೋತದ್ದೇಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮಳೆ ಎನ್ನುವವರಿದ್ದಾರೆ. ಇಂಫಾಲ್ ರಸ್ತೆಯ ಮೇಲಿನ ಕೊಹಿಮಾದಲ್ಲಿದ್ದ ಬ್ರಿಟಿಷ್ ಭಾರತೀಯ ಕಾವಲು ಪಡೆಯ ಕೆಚ್ಚು ಎನ್ನುವವರಿದ್ದಾರೆ. ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿಗೆ ಜಪಾನೀಯರು ಮನಸಾರೆ ನೆರವಾಗಲಿಲ್ಲವೆಂದು ಇಂದಿಗೂ ಕೊರಗುವವರಿದ್ದಾರೆ. ಎಲ್ಲದರಲ್ಲೂ ಅಷ್ಟಿಷ್ಟು ನಿಜವಿದೆ. ಸೈನಿಕರ ಬುತ್ತಿ ಬಿಚ್ಚಿ ನೋಡಿದರೆ ಮಾತ್ರ ಕಥೆ ಬೇರೆ.

1931ರಲ್ಲಿ ಮಂಚೂರಿಯಾಕ್ಕೆ ನುಗ್ಗಿದ ಜಪಾನ್, 1942ರಲ್ಲಿ ಬರ್ಮಾವನ್ನೂ ನುಂಗಿ ಭಾರತದ ಗಡಿಗೆ ಬಂದು ನಿಂತಿತ್ತು. ಬರ್ಮಾದುದ್ದಕ್ಕೂ ಅದಕ್ಕೆ ಒಗ್ಗಿಹೋದ ಪಟ್ಟು ಒಂದೇ: ಹಗುರಾಗಿ ನುಗ್ಗುವುದು, ಬ್ರಿಟಿಷರು ಬಿಟ್ಟೋಡಿದ ಉಗ್ರಾಣದಲ್ಲಿ ಉಣ್ಣುವುದು.

1944ರ ಮಾರ್ಚ್‌ನಲ್ಲಿ ಬರ್ಮಾದ ಚಿಂದ್ವಿನ್ ನದಿ ದಾಟಿ ಇಂಫಾಲ್‌ನತ್ತ ಹೊರಟಾಗಲೂ ಅದೇ ಲೆಕ್ಕ. ಸುಮಾರು 85 ಸಾವಿರ ಮಂದಿ, ಜೊತೆಗೆ ಮೂರು ವಾರದ ಆಹಾರ. ಲಾರಿ ಹೋಗದ ಬೆಟ್ಟಗಳಿಗೆಂದು ಸಾವಿರಾರು ದನಗಳನ್ನು ಹೊಡೆದುಕೊಂಡು ಹೊರಟರು. ಮೊದಲು ಹೇರು ಹೊರಲಿ, ಆಮೇಲೆ ಅಡುಗೆಗಾಗಲಿ ಎಂಬ ಯೋಜನೆ. ಕಾಗದದ ಮೇಲೆ ಚೊಕ್ಕವಾಗಿಯೇ ಇತ್ತು. ಆದರೆ ದನಕ್ಕೆ ಮೇಯಲು ಹೊತ್ತು ಬೇಕು, ಮಲಗಿ ಮೆಲುಕು ಹಾಕಲು ಹೊತ್ತು ಬೇಕು. ಇದನ್ನು ಕೊಟ್ಟಿಗೆ ಇರುವ ಯಾವ ಮನೆಯ ಮಗುವೂ ಹೇಳೀತು. ಎಷ್ಟೋ ನದಿಯಲ್ಲೇ ಕೊಚ್ಚಿಹೋದವು. ಉಳಿದವು ಕಡಿದಾದ ಏರಿನಲ್ಲಿ ಕುಸಿದವು, ಬೆನ್ನ ಮೇಲಿನ ಅಕ್ಕಿ, ಮದ್ದುಗುಂಡುಗಳ ಸಮೇತ.

ಇತ್ತ ಬ್ರಿಟಿಷ್ ಭಾರತೀಯ ಸೇನೆ ಈ ಸಲ ಓಡಲಿಲ್ಲ; ಇಂಫಾಲ್ ಬಯಲಿಗೆ ಸರಿದು ಬೇರೂರಿತು. ರಸ್ತೆ ಕಡಿದರೆ ಆಕಾಶವಿತ್ತು. ಬರ್ಮಾದ ಕರಾವಳಿಯ ಅರಕಾನಿನಲ್ಲಿದ್ದ 5ನೇ ಭಾರತೀಯ ಡಿವಿಷನ್ ಎಂಬ ಸೇನಾ ದಳ ತನ್ನ ಫಿರಂಗಿ, ಹೇಸರಗತ್ತೆಗಳೊಂದಿಗೆ ವಿಮಾನದಲ್ಲೇ ಬಂದಿಳಿಯಿತು. ದೊಡ್ಡ ಉಗ್ರಾಣವಿದ್ದ ದಿಮಾಪುರ ಜಪಾನೀಯರ ಕೈಗೆ ಸಿಗಲೇ ಇಲ್ಲ. ಏಪ್ರಿಲ್ 14ರಂದು ಇಂಫಾಲ್‌ನ ದಕ್ಷಿಣಕ್ಕಿರುವ ಮೊಯಿರಾಂಗ್‌ನಲ್ಲಿ ಆಜಾದ್ ಹಿಂದ್ ಫೌಜು ತ್ರಿವರ್ಣ ಹಾರಿಸಿದಾಗ ಆ ಮೂರು ವಾರ ಆಗಲೇ ಮುಗಿದಿತ್ತು.

ಇನ್ನು ಮಳೆ. ಅದು ಸೋಲನ್ನು ಘೋರವಾಗಿಸಿತು, ನಿಜ. ಆದರೆ ಮುಂಗಾರು ಬರುತ್ತದೆಂದು ತಿಳಿಯಲು ಜ್ಯೋತಿಷಿ ಬೇಕಿರಲಿಲ್ಲ. ಕಾರ್ಯಾಚರಣೆ ನಡೆದಿರುವಾಗಲೇ ಜಪಾನಿನ ಮೂರೂ ಡಿವಿಷನ್‌ಗಳ ಮುಖ್ಯಸ್ಥರನ್ನು ಬದಲಿಸಲಾಯಿತು. ಊಟದ ಲೆಕ್ಕ ಮಾತ್ರ ಬದಲಾಗಲಿಲ್ಲ.

ಮೇ ಕೊನೆಗೆ ಕೊಹಿಮಾದಲ್ಲಿದ್ದ ಜಪಾನಿ ಡಿವಿಷನ್ ಮೇಲಿನವರ ಆದೇಶ ಮೀರಿ ಹಿಂದೆ ಸರಿಯತೊಡಗಿತು. ಜೂನ್ 22ರಂದು ಕೊಹಿಮಾ–ಇಂಫಾಲ್ ರಸ್ತೆ ಬ್ರಿಟಿಷರಿಗೆ ಮತ್ತೆ ತೆರೆಯಿತು. ಜಪಾನೀಯರೆಲ್ಲರೂ ಹಿಂತಿರುಗಬೇಕೆಂಬ ಆದೇಶ ಬಂದದ್ದು ಜುಲೈನಲ್ಲಿ. ಅಷ್ಟರಲ್ಲಿ ಬಂದೂಕು ಬಿಸುಟು ಅನ್ನದ ತಪ್ಪಲೆ ಮಾತ್ರ ಹಿಡಿದು ನಡೆಯುವವರಿದ್ದರು. ಚಿಂದ್ವಿನ್‌ಗೆ ಮರಳುವ ಆ ಕೆಸರು ಹಾದಿಗೆ, ಬದುಕಿ ಬಂದವರೇ ಬಿಳಿ ಎಲುಬಿನ ದಾರಿ ಎಂದು ಹೆಸರಿಟ್ಟರು.