ವಾರದ ಕಂತಿನ ಹಿಂದಿರುವ ದುಡ್ಡು ಯಾರದು?

ಬೆಳಿಗ್ಗೆ ಏಳೂವರೆ. ಶಿಡ್ಲಘಟ್ಟ ಕಡೆಯ ಒಂದು ಹಳ್ಳಿ. ಜಗುಲಿ ಮೇಲೆ ಚಾಪೆ ಹಾಸಿದೆ. ಹದಿನೈದು ಹೆಂಗಸರು ಐದೈದು ಜನರ ಸಾಲಾಗಿ ಕೂತಿದ್ದಾರೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರ್, ಅದರೊಳಗೆ ಪಾಸ್‌ಬುಕ್ಕು, ಮಡಚಿದ ನೋಟು. ಬೈಕಿನಲ್ಲಿ ಬಂದ ಹುಡುಗನಿಗೆ ಇಪ್ಪತ್ತೈದು ವರ್ಷ ಇರಬಹುದು. ಎಲ್ಲರೂ ಅವನನ್ನು ‘ಸಾರ್’ ಅನ್ನುತ್ತಾರೆ. ಅವನು ನೋಟುಗಳನ್ನು ಎರಡು ಸಲ ಎಣಿಸಿ ಪಾಸ್‌ಬುಕ್ಕಿಗೆ ಸಹಿ ಹಾಕುತ್ತಾನೆ. ಒಬ್ಬರದ್ದು ಮುನ್ನೂರು ರೂಪಾಯಿ ಕಡಿಮೆ ಬಿತ್ತು. ಯಾರೂ ಏಳಲಿಲ್ಲ. ಪಕ್ಕದವರು ಸೆರಗಿನ ಗಂಟು ಬಿಚ್ಚಿ ನೂರು ಕೊಟ್ಟರು, ಇನ್ನೊಬ್ಬರು ಇನ್ನೂರು ಹಾಕಿದರು. ಆಮೇಲೆ ಎಲ್ಲರೂ ಎದ್ದರು.

ನಮ್ಮ ಊರುಗಳಲ್ಲಿ ಇದಕ್ಕೆ ‘ಸಂಘದ ಸಾಲ’ ಅಂತಲೇ ಹೆಸರು. ಆದರೆ ಆ ದುಡ್ಡಿನ ಬೆನ್ನು ಹತ್ತಿ ಹೋದರೆ ಅದು ಸಂಘದಲ್ಲಿ ನಿಲ್ಲುವುದಿಲ್ಲ. ಮೊದಲು ಬೆಂಗಳೂರಿನ ಒಂದು ಕಚೇರಿ ಸಿಗುತ್ತದೆ. ಅಲ್ಲಿಂದ ಬ್ಯಾಂಕುಗಳು. ಅವುಗಳ ಜೊತೆಗೆ, ಎಷ್ಟೋ ಕಂಪನಿಗಳಲ್ಲಿ, ಯುರೋಪಿನ ಅಥವಾ ಅಮೆರಿಕದ ಹೂಡಿಕೆ ಫಂಡುಗಳು. ಆ ಫಂಡಿಗೆ ದುಡ್ಡು ಹಾಕಿದವರಲ್ಲಿ ಪಿಂಚಣಿ ನಿಧಿಗಳೂ ಇರುತ್ತವೆ. ಲಾಭ ಬರಬೇಕು, ಜೊತೆಗೆ ಬಡವರಿಗೆ ಒಳ್ಳೆಯದೂ ಆಗಬೇಕು ಅನ್ನುವುದು ಅವರ ಆಸೆ. ಇಂಥ ಹೂಡಿಕೆಗೆ ಈಗ ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಅನ್ನುತ್ತಾರೆ.

ಹೆಸರು ಹುಟ್ಟಿದ್ದು 2007ರಲ್ಲಿ. ಇಟಲಿಯ ಬೆಲ್ಲಾಜಿಯೋದಲ್ಲಿ ರಾಕ್‌ಫೆಲರ್ ಫೌಂಡೇಶನ್ ಕರೆದಿದ್ದ ಸಭೆಯಲ್ಲಿ. ಕೆಲಸ ಮಾತ್ರ ಅದಕ್ಕಿಂತ ಹಳೆಯದು. ಬ್ರಿಟನ್ ತನ್ನ ವಸಾಹತುಗಳಲ್ಲಿ ಬಂಡವಾಳ ಹಾಕಲು 1948ರಲ್ಲೇ ಒಂದು ನಿಗಮ ಮಾಡಿತ್ತು. ಖಾಸಗಿ ಕಂಪನಿಗಳಿಗೆ ಬಂಡವಾಳ ಕೊಡುವ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ 1956ರಲ್ಲಿ ಶುರುವಾಯಿತು. ಆದರೆ ಅವೆಲ್ಲ ಕಾರ್ಖಾನೆ, ತೋಟ, ವಿದ್ಯುತ್ತಿನ ಕಡೆ ಹೋದ ದುಡ್ಡು. ಬಡವರ ಮನೆ ಬಾಗಿಲಿಗೇ ಬಂಡವಾಳ ಬರಬಹುದು, ಬಂದು ವಾಪಸ್ಸೂ ಹೋಗಬಹುದು ಅಂತ ತೋರಿಸಿಕೊಟ್ಟದ್ದು ಕಿರುಸಾಲ, ಅಂದರೆ ಅಡಮಾನ ಇಲ್ಲದೆ ಬಡವರಿಗೆ ಕೊಡುವ ಸಣ್ಣ ಸಾಲ, ಮೈಕ್ರೋಫೈನಾನ್ಸ್. ಈ ಕಥೆಯನ್ನು ಅಲ್ಲಿಂದ ಶುರು ಮಾಡುವುದೇ ಸರಿ.

1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ ಪಕ್ಕದ ಜೋಬ್ರಾ ಹಳ್ಳಿಗೆ ಹೋದರು. ಅಲ್ಲಿ ಬಿದಿರಿನ ಸ್ಟೂಲ್ ಹೆಣೆಯುವ ಹೆಣ್ಣುಮಕ್ಕಳು ಬಿದಿರಿಗೆ ಬೇಕಾದ ಪುಡಿಗಾಸಿಗಾಗಿ ವ್ಯಾಪಾರಿಯ ಕೈಗೆ ಸಿಕ್ಕಿಬಿದ್ದಿದ್ದರು. ಅವನು ಹೇಳಿದ್ದೇ ರೇಟು. ಯೂನುಸ್ ಲೆಕ್ಕ ಹಾಕಿದಾಗ ಇಡೀ ಹಳ್ಳಿಯ 42 ಜನರಿಗೆ ಬೇಕಾಗಿದ್ದ ದುಡ್ಡು ಬರೀ 27 ಡಾಲರ್. ಅದನ್ನು ಅವರು ತಮ್ಮ ಜೇಬಿನಿಂದಲೇ ಕೊಟ್ಟರು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು. ಸಾಲ ಪಡೆದ ಹೆಂಗಸರೇ ಆ ಬ್ಯಾಂಕಿನ ಬಹುಪಾಲು ಷೇರುಗಳ ಒಡೆಯರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದೆಲ್ಲ ಒಡೆತನ ಯಾರದು ಅನ್ನುವುದರ ಮೇಲೇ ತಿರುಗುತ್ತದೆ.

ಅದೇ ಹೊತ್ತಿಗೆ ನಮ್ಮಲ್ಲಿ ಬೇರೆಯೇ ಒಂದು ದಾರಿ ತೆರೆಯುತ್ತಿತ್ತು. ಟಿಬೆಟಿನ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕದ ಮಧ್ಯದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಸಣ್ಣ ಗುಂಪು ಕಟ್ಟುತ್ತಿತ್ತು. ದೊಡ್ಡ ಸಹಕಾರ ಸಂಘ ಒಡೆದುಹೋದ ಕಡೆ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದ ಹದಿನೈದು ಇಪ್ಪತ್ತು ಜನ ತಾವೇ ಸೇರಿಕೊಳ್ಳುತ್ತಿದ್ದರು. ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿ ಎಷ್ಟು, ಯಾವಾಗ ಕಟ್ಟಬೇಕು ಅನ್ನುವುದನ್ನು ಗುಂಪೇ ಕೂತು ತೀರ್ಮಾನಿಸುತ್ತಿತ್ತು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈ ಹಾಕಿತು. ಇವತ್ತು ದೇಶದ ತುಂಬ ಕಾಣುವ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಇದರಲ್ಲಿ ಹೊರಗಿನ ಹೂಡಿಕೆದಾರ ಇರಲಿಲ್ಲ. ಬೆಳೆಯುವುದು ನಿಧಾನ ಆಗಿತ್ತು.

ನಿಧಾನ ಅನ್ನುವುದೇ ಕೆಲವರಿಗೆ ಕೊರತೆಯಾಗಿ ಕಂಡಿತು. ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕೋಟಿಗಟ್ಟಲೆ ಬಡವರಿದ್ದಾರೆ, ದಾನದ ದುಡ್ಡು ಎಷ್ಟು ದಿನ ಬರುತ್ತದೆ? ಲಾಭ ಬರುವ ವ್ಯವಹಾರ ಮಾಡಿದರೆ ಷೇರು ಮಾರುಕಟ್ಟೆಯ ದುಡ್ಡೇ ಹಳ್ಳಿಗೆ ಹರಿಯುತ್ತದೆ ಅಲ್ವಾ? ವಿಕ್ರಮ್ ಆಕುಲ ತೊಂಬತ್ತರ ದಶಕದ ಕೊನೆಯಲ್ಲಿ ಆಗಿನ ಆಂಧ್ರದ ಮೇದಕ್ ಜಿಲ್ಲೆಯಲ್ಲಿ ಶುರು ಮಾಡಿದ ಕಿರುಸಾಲ ಸಂಸ್ಥೆ ಎಸ್‌ಕೆಎಸ್ ಮೊದಲು ಸೇವಾಸಂಸ್ಥೆಯಾಗಿತ್ತು. 2005ರಲ್ಲಿ ಲಾಭದ ಕಂಪನಿಯಾಯಿತು. 2007ರಲ್ಲಿ ಸಿಕೋಯಾದಂಥ ದೊಡ್ಡ ವೆಂಚರ್ ಕ್ಯಾಪಿಟಲ್ ಸಂಸ್ಥೆ (ಬೆಳೆಯುವ ಹೊಸ ಕಂಪನಿಗಳಲ್ಲಿ ಪಾಲು ಕೊಳ್ಳುವಂಥದ್ದು) ಅದರಲ್ಲಿ ದುಡ್ಡು ಹಾಕಿತು. ನಡುವೆ, 2006ರಲ್ಲಿ, ಯೂನುಸ್ ಅವರಿಗೂ ಗ್ರಾಮೀಣ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಿರುಸಾಲ ಅಂದರೆ ಜಗತ್ತಿನ ಕಣ್ಣಲ್ಲಿ ಆಗ ಪುಣ್ಯದ ಕೆಲಸ.

ಅದೇ 2007ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕಂಪಾರ್ತಾಮೋಸ್ ಬ್ಯಾಂಕ್ ಷೇರು ಮಾರುಕಟ್ಟೆಗೆ ಬಂತು. ಅದೂ ಹುಟ್ಟಿನಲ್ಲಿ ಸೇವಾಸಂಸ್ಥೆಯೇ. ಹಳೆಯ ಷೇರುದಾರರು ತಮ್ಮ ಪಾಲಿನ ಒಂದಷ್ಟು ಮಾರಿ ಸುಮಾರು 45 ಕೋಟಿ ಡಾಲರ್ ಎತ್ತಿದರು. ಆ ದುಡ್ಡು ಹೊಸ ಸಾಲಕ್ಕೆ ಹೋಗಲಿಲ್ಲ, ಮಾರಿದವರ ಕೈಗೆ ಹೋಯಿತು. ಸಾಲ ಪಡೆದ ಬಡ ಹೆಂಗಸರು ತೆರಿಗೆಯೂ ಸೇರಿ ವರ್ಷಕ್ಕೆ ಶೇ. 100ರ ಹತ್ತಿರ ಬಡ್ಡಿ ಕಟ್ಟುತ್ತಿದ್ದರು. ಇದು ಲೇವಾದೇವಿಯವರ ದಾರಿ, ಕಿರುಸಾಲದ್ದಲ್ಲ ಅಂತ ಯೂನುಸ್ ಬಹಿರಂಗವಾಗಿಯೇ ವಿರೋಧಿಸಿದರು. ಹೂಡಿಕೆದಾರರು ಓದಿಕೊಂಡ ಪಾಠ ಬೇರೆ. ಬಡವರಿಗೆ ಸಾಲ ಕೊಟ್ಟರೆ ಇಷ್ಟು ಲಾಭ ಇದೆಯಾ ಅಂತ.

ಇಲ್ಲಿ ಸ್ವಲ್ಪ ನಿಂತು ಈ ದುಡ್ಡಿನ ಸ್ವಭಾವ ನೋಡಬೇಕು. ಇಂಥ ಫಂಡಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು. ಮೊದಲ ಕೆಲವು ವರ್ಷ ಕಂಪನಿಗಳನ್ನು ಹುಡುಕಿ ದುಡ್ಡು ಹಾಕುತ್ತಾರೆ. ಐದಾರು ವರ್ಷಕ್ಕೆ ತಮ್ಮ ಪಾಲು ಮಾರಿ ಹೊರಗೆ ಬರಬೇಕು. ಒಳ್ಳೆಯ ಬೆಲೆ ಸಿಗಬೇಕಾದರೆ ಅಷ್ಟರೊಳಗೆ ಕಂಪನಿ ಎರಡು ಪಟ್ಟು, ನಾಲ್ಕು ಪಟ್ಟು ಬೆಳೆದಿರಬೇಕು. ಅಂದರೆ ಬೈಕಿನ ಹುಡುಗನಿಗೆ ಈ ತಿಂಗಳು ಇಷ್ಟು ಹೊಸ ಸಾಲ ಅಂತ ಟಾರ್ಗೆಟ್. ಇನ್ನೊಂದು ಕಂಪನಿಯ ಹುಡುಗನಿಗೂ ಅದೇ ಟಾರ್ಗೆಟ್, ಅದೇ ಬೀದಿ, ಅದೇ ಜಗುಲಿ. ಒಂದೇ ಮನೆಗೆ ನಾಲ್ಕು ಸಾಲ ಬೀಳುವುದು ಹೀಗೆ. ಯಾರೋ ಕೆಟ್ಟವರು ಕೂತು ಮಾಡಿದ ಸಂಚು ಅಂತ ನಾನು ಹೇಳುವುದಿಲ್ಲ. ದುಡ್ಡಿಗೆ ಇದ್ದ ಅವಸರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಚಾಪೆಯ ತನಕ ಬಂತು, ಅಷ್ಟೆ.

ಮೊದಲ ಏಟು ಬಿದ್ದಾಗಲೇ ಎಚ್ಚರ ಆಗಬೇಕಿತ್ತು. 2006ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಅಧಿಕಾರಿಗಳು ಐವತ್ತರಷ್ಟು ಕಿರುಸಾಲ ಶಾಖೆಗಳಿಗೆ ಬೀಗ ಹಾಕಿದ್ದರು. 2009ರಲ್ಲಿ ನಮ್ಮ ಕೋಲಾರದ ಸರದಿ. ರೇಷ್ಮೆ ಕೆಲಸ ಮಂಕಾಗಿತ್ತು, ಮನೆ ಮನೆಯಲ್ಲೂ ಹಲವು ಕಡೆಯ ಸಾಲ. ಸ್ಥಳೀಯ ಮುಸ್ಲಿಂ ಸಮುದಾಯದ ಅಂಜುಮನ್ ಕಮಿಟಿ ಕಂತು ಕಟ್ಟಬೇಡಿ ಅಂತ ತನ್ನ ಜನಕ್ಕೆ ಹೇಳಿತು. ಅದು ಬೇರೆ ಊರುಗಳಿಗೂ ಹಬ್ಬಿತು.

ರೇಷ್ಮೆಯ ಸೀಮೆಯಲ್ಲೇ ಇದು ಆಯಿತು ಅನ್ನುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಹುಳು ಸಾಕಿದವರಿಗೆ ಗೊತ್ತು. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ (ಮೇವು ಬಿಟ್ಟು ಚರ್ಮ ಕಳಚುವ ಹಂತ) ದಾಟಿ, ಹಣ್ಣಾಗಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು. ಅಲ್ಲಿಯ ತನಕ ಮನೆಯಿಂದ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ. ಹಿಪ್ಪುನೇರಳೆ ಸೊಪ್ಪಿಗೆ, ಆಳಿಗೆ, ಔಷಧಿಗೆ ಖರ್ಚು. ಗೂಡು ಮಾರಿದ ದಿನ ಒಟ್ಟಿಗೆ ದುಡ್ಡು ಬರುತ್ತದೆ. ಆ ಮನೆಗೆ ವಾರಕ್ಕೊಂದು ಕಂತು ಹಾಕಿದರೆ ನಡುವಿನ ಮೂರು ವಾರ ಅವರು ಎಲ್ಲಿಂದ ತರಬೇಕು? ಇನ್ನೊಂದು ಸಾಲದಿಂದಲೇ. ವಾರದ ಕಂತು ಕಂಪನಿಗೆ ಅನುಕೂಲ, ದುಡ್ಡು ಬೇಗ ತಿರುಗುತ್ತದೆ, ಬಾಕಿ ಬೇಗ ಗೊತ್ತಾಗುತ್ತದೆ. ದಿನಾ ವ್ಯಾಪಾರ ಮಾಡುವ ಸೊಪ್ಪು ತರಕಾರಿಯವರಿಗೂ ಅದು ಸರಿಹೋಗಬಹುದು. ಹುಳು ಮಾತ್ರ ವಾರದ ಲೆಕ್ಕಕ್ಕೆ ಗೂಡು ಕಟ್ಟುವುದಿಲ್ಲ.

2010ರ ಆಗಸ್ಟ್‌ನಲ್ಲಿ ಎಸ್‌ಕೆಎಸ್ ಷೇರು ಮಾರುಕಟ್ಟೆಗೆ ಬಂತು. ಷೇರಿಗೆ 985 ರೂಪಾಯಿ, ಸುಮಾರು 1,600 ಕೋಟಿ ರೂಪಾಯಿಯ ವಿತರಣೆ, ಅದಕ್ಕೆ ಹದಿಮೂರು ಪಟ್ಟಿನಷ್ಟು ಬೇಡಿಕೆ. ಎರಡೇ ತಿಂಗಳಿಗೆ, ಆತ್ಮಹತ್ಯೆಗಳ ಸುದ್ದಿಗಳ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಾರದ ಕಂತು ನಿಂತಿತು, ಮನೆ ಬಾಗಿಲಿಗೆ ಹೋಗಿ ವಸೂಲಿ ಮಾಡುವಂತಿಲ್ಲ, ಕಂಪನಿ ನೋಂದಣಿ ಮಾಡಿಸಲೇಬೇಕು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಇದ್ದ ಮರುಪಾವತಿ ಆ ರಾಜ್ಯದಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು. ಸರಿಯಾಗಿ ನಡೆದುಕೊಂಡಿದ್ದ ಸಂಸ್ಥೆಗಳೂ ಮುಳುಗಿದವು. ಮತ್ತೆ ಸಾಲ ಸಿಗದೆ ಹೆಂಗಸರು ಹಳೆಯ ಬಡ್ಡಿಯವರ ಮನೆಗೇ ಹೋದರು. ಈ ಎರಡನೆಯ ನೋವಿನ ಬಗ್ಗೆ ಮಾತು ಕಡಿಮೆ, ಆದರೆ ಅದೂ ಅಷ್ಟೇ ನಿಜ.

ಆಮೇಲೆ ರಿಸರ್ವ್ ಬ್ಯಾಂಕ್ ಮಾಲೆಗಾಂ ಸಮಿತಿಯ ವರದಿ ಇಟ್ಟುಕೊಂಡು 2011ರಲ್ಲಿ ನಿಯಮ ತಂದಿತು. ಬಡ್ಡಿಗೆ ಶೇ. 26ರ ಮಿತಿ, ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಕಿರುಸಾಲ ಕಂಪನಿಗಳು ಸಾಲ ಕೊಡುವಂತಿಲ್ಲ. 2022ರಲ್ಲಿ ಬಡ್ಡಿಯ ಮಿತಿ ಹೋಯಿತು. ಅದರ ಬದಲು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅನ್ನುವ ನಿಯಮ ಬಂತು. ಕಾಗದದ ಮೇಲೆ ಒಳ್ಳೆಯ ನಿಯಮ. ಆದರೆ ರಸೀದಿಯೇ ಇಲ್ಲದ ಆದಾಯವನ್ನು ಅಳೆಯುವವನು ಟಾರ್ಗೆಟ್ ಇರುವ ಅದೇ ಹುಡುಗ. 2025ರ ಜನವರಿಯಲ್ಲಿ ಹಾವೇರಿ, ರಾಮನಗರ, ಚಾಮರಾಜನಗರದ ಕಡೆಯಿಂದ ಮನೆ ಬಿಟ್ಟು ಹೋದವರ ಸುದ್ದಿ ಬಂದದ್ದು ಎಲ್ಲರಿಗೂ ನೆನಪಿದೆ. ಫೆಬ್ರವರಿ 12ಕ್ಕೆ ಕರ್ನಾಟಕದ ಸುಗ್ರೀವಾಜ್ಞೆ ಜಾರಿಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಹಾಗಾದರೆ ಬಡವರಿಗೆ ಒಳ್ಳೆಯದಾಯಿತೋ ಇಲ್ಲವೋ? ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಇದನ್ನೇ ಅಳೆದರು. ಅರ್ಧ ಬಡಾವಣೆಗಳಿಗೆ ಮೊದಲು ಸಾಲದ ಶಾಖೆ ಬಂತು, ಉಳಿದ ಅರ್ಧಕ್ಕೆ ಆಮೇಲೆ. ಆಗಲೇ ಅಂಗಡಿ, ವ್ಯಾಪಾರ ಇದ್ದವರು ಅದನ್ನು ಇನ್ನಷ್ಟು ಬೆಳೆಸಿದರು. ಆದರೆ ಮನೆಗಳ ಒಟ್ಟು ಖರ್ಚಿನ ಶಕ್ತಿ ಏರಲಿಲ್ಲ. ಇದರ ಜೊತೆ 2015ರಲ್ಲಿ ಪ್ರಕಟವಾದ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೋ, ಮಂಗೋಲಿಯಾ, ಮೊರೊಕ್ಕೋ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದವು. ಕಿರುಸಾಲದಿಂದ ಉಪಯೋಗ ಇದೆ, ಆದರೆ ಬಡತನ ಕಳೆಯುವ ಮಂತ್ರದಂಡ ಅದಲ್ಲ.

ಇದೇ ಕಾಲದಲ್ಲಿ ಕರ್ನಾಟಕದಲ್ಲಿ ಇನ್ನೊಂದು ಬಗೆಯ ಹೂಡಿಕೆ ನಡೆಯುತ್ತಿತ್ತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದರು. ಕರೆಂಟ್ ಇಲ್ಲದ ಮನೆಗಳಿಗೆ ಸೋಲಾರ್ ದೀಪ. ಬಡವರಿಗೆ ಪುಕ್ಕಟೆ ಕೊಡಬೇಕು ಅನ್ನುವ ಕಾಲದಲ್ಲಿ ಅವರು ಬ್ಯಾಂಕಿನ ಸಾಲ ಕೊಡಿಸಿ ಮಾರಿದರು. ಹಂದೆಯವರು ಹೇಳುವ ಒಂದು ಅನುಭವ ತುಂಬ ಹೆಸರಾಗಿದೆ. ತಿಂಗಳಿಗೆ ಮುನ್ನೂರು ರೂಪಾಯಿ ಅಂದರೆ ಕಷ್ಟ ಎಂದ ಬೀದಿ ವ್ಯಾಪಾರಿಗೆ ದಿನಕ್ಕೆ ಹತ್ತು ಅಂದಾಗ ಸುಲಭ ಅನ್ನಿಸಿತು. ಮೊತ್ತ ಅದೇ. ಆದರೆ ಅವರ ದುಡಿಮೆ ದಿನದ್ದು. ಕಂತು ದುಡಿಮೆಯನ್ನು ಹಿಂಬಾಲಿಸಬೇಕು ಅನ್ನುವುದು ಆ ತಳ್ಳುಗಾಡಿಯ ಹತ್ತಿರ ಸಿಕ್ಕಿದ್ದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕಿನ ಜೊತೆ ಸೇರಿ ಸೋಲಾರ್ ಸಾಲದ ಬಡ್ಡಿ ಇಳಿಸುವ ಯೋಜನೆಯನ್ನೂ ತಂದಿತು.

ಸೆಲ್ಕೋಗೂ ಕಷ್ಟ ಬರದೆ ಇರಲಿಲ್ಲ. 2000ದ ದಶಕದ ಮಧ್ಯದಲ್ಲಿ ಜರ್ಮನಿಯ ಬೇಡಿಕೆಯಿಂದ ಸೋಲಾರ್ ಪ್ಯಾನೆಲ್ ಬೆಲೆ ಏರಿತು. ಕಂಪನಿ ನಷ್ಟಕ್ಕೆ ಬಿತ್ತು. ಆಗ ಅವರು ಹುಡುಕಿದ್ದು ಬೇರೆ ಬಗೆಯ ಹೂಡಿಕೆದಾರರನ್ನು. ಲಾಭ ಕಡಿಮೆ ಇರಲಿ, ತಡವಾಗಿ ಬರಲಿ ಅಂತ ಒಪ್ಪಿಕೊಳ್ಳುವವರನ್ನು. ಅಂಥವರು ಸಿಕ್ಕರು, ಕಂಪನಿ ಉಳಿಯಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಆಂಧ್ರದ ಬೆಂಕಿ ಇನ್ನೂ ಆರದಿದ್ದ ವರ್ಷ.

ಇದನ್ನೆಲ್ಲ ಓದಿಕೊಂಡ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಲಾಭ ಕೇಳುವುದು ತಪ್ಪಲ್ಲ. ಎಷ್ಟು ಲಾಭ, ಎಷ್ಟು ಬೇಗ ಅನ್ನುವುದೇ ಪ್ರಶ್ನೆ. ಫಂಡುಗಳ ವರದಿಯಲ್ಲಿ ಎಷ್ಟು ಹೆಂಗಸರಿಗೆ ಸಾಲ ಕೊಟ್ಟೆವು ಅನ್ನುವ ಲೆಕ್ಕ ಇರುತ್ತದೆ. ಆ ದುಡ್ಡು ಎಷ್ಟು ದಿನ ಕಾಯಲು ತಯಾರಿತ್ತು ಅನ್ನುವುದನ್ನೂ ಅಲ್ಲೇ ಬರೆಯಬೇಕು.

ಆವತ್ತು ಶಿಡ್ಲಘಟ್ಟದ ಆ ಜಗುಲಿಯಲ್ಲಿ ಮುನ್ನೂರು ಕಡಿಮೆ ಬಿದ್ದಿದ್ದ ಅಕ್ಕನ ಜೊತೆ ಮಾತಾಡಿದೆ. ಅವರ ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಈ ದುಡ್ಡು ಎಲ್ಲಿಂದ ಬರುತ್ತೆ ಗೊತ್ತೇನಕ್ಕಾ ಅಂದೆ. “ಬ್ಯಾಂಕಿಂದ ಇರಬೇಕು” ಅಂದರು. ಆಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಳ್ಳುತ್ತಾ, “ಗೂಡು ಮಾರಿದ ದಿನ ಬರಕ್ಕೇಳಪ್ಪ ಅವರಿಗೆ. ಒಂದು ರೂಪಾಯಿ ಬಾಕಿ ಇಡಲ್ಲ” ಅಂದರು.