ಟವರ್ ಮೇಲೆ ಸಿಟ್ಟು, ಫೋನ್ ಮಾತ್ರ ಕಿವಿಯಲ್ಲೇ

ಕ್ಯಾನ್ಸರ್ ರೋಗಿಗಳಿಗೆ ಎಷ್ಟು ರೇಡಿಯೇಷನ್ ಕೊಡಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಹಾಗಾಗಿ ಬೆಂಗಳೂರಿನಲ್ಲಿ ಪರಿಚಯದವರ ಅಪಾರ್ಟ್‌ಮೆಂಟ್ ತಾರಸಿಗೆ ಮೊಬೈಲ್ ಟವರ್ ಬರುತ್ತದೆ ಎಂದರೆ ಸಾಕು, ನನಗೆ ಫೋನ್ ಬರುತ್ತದೆ. "ಮೇಡಂ, ನೀವೇ ಹೇಳಿ, ಜೀವಕೋಶಕ್ಕೆ ಏನೂ ಆಗಲ್ವಾ?"

ಆಗುತ್ತದೆ. ಬಿಸಿಯಾಗುತ್ತದೆ. ಮೊಬೈಲ್ ಅಲೆ ಮೈಯೊಳಗಿನ ನೀರಿನ ಕಣಗಳನ್ನು ಅತ್ತಿತ್ತ ಹೊರಳಿಸುತ್ತದೆ, ಅದರಿಂದ ಚೂರು ಶಾಖ ಹುಟ್ಟುತ್ತದೆ. ಹರಿಯುವ ರಕ್ತ ಅದನ್ನು ಹೊತ್ತೊಯ್ಯುತ್ತದೆ. ಆದರೆ ಡಿಎನ್ಎ ಕಡಿಯುವ ತಾಕತ್ತು ಆ ಅಲೆಗಿಲ್ಲ. ಪರಮಾಣುಗಳ ನಡುವಿನ ಗಟ್ಟಿ ಬಂಧ ಮುರಿಯಲು ಕೆಲವು ಎಲೆಕ್ಟ್ರಾನ್ ವೋಲ್ಟ್ (ಶಕ್ತಿ ಅಳೆಯುವ ತೀರಾ ಚಿಕ್ಕ ಮಾನ) ಬೇಕು. 1800 ಮೆಗಾಹರ್ಟ್ಸ್ ಮೊಬೈಲ್ ಅಲೆಯ ಒಂದು ಫೋಟಾನ್‌ನಲ್ಲಿ, ಅಂದರೆ ಅಲೆ ಹೊತ್ತು ತರುವ ಶಕ್ತಿಯ ಒಂದು ಚಿಕ್ಕ ಪೊಟ್ಟಣದಲ್ಲಿ, ಇರುವುದು ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 7 ಪಾಲು. ನಮ್ಮ ಚಿಕಿತ್ಸೆಯ ಎಕ್ಸ್‌ರೇ ಫೋಟಾನ್‌ಗಳಲ್ಲಿ ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಟವರ್ ಹತ್ತಾದರೆ ಫೋಟಾನ್‌ಗಳು ಜಾಸ್ತಿಯಾಗುತ್ತವೆ, ಒಂದೊಂದರ ಬಲ ಏರುವುದಿಲ್ಲ.

ಹಾಗಾದರೆ ಲ್ಯಾಬಿನಲ್ಲಿ ಡಿಎನ್ಎಗೆ ಪೆಟ್ಟು ಬಿದ್ದ ವರದಿಗಳು? ಬಂದಿವೆ, ಸುಳ್ಳಲ್ಲ. ಆದರೆ ಅವು ಹೇಗೆ ಬಂದವು ನೋಡಬೇಕು. ಕೋಶಗಳನ್ನು ತಟ್ಟೆಯಲ್ಲಿ 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಅಲೆ ಬಿಟ್ಟಾಗ ತಟ್ಟೆಯ ಒಂದು ಕಡೆ ಕೆಲವೇ ಡಿಗ್ರಿ ಏರಿದರೂ ಕೋಶ ಗಾಬರಿಬಿದ್ದು, ಬಿಸಿಯಿಂದ ತನ್ನನ್ನು ಕಾಪಾಡಿಕೊಳ್ಳುವ ಹೀಟ್ ಶಾಕ್ ಪ್ರೋಟೀನ್ ತಯಾರಿಸಲು ಶುರುಮಾಡುತ್ತದೆ. ಅಲ್ಲಿ ರಕ್ತ ಹರಿಯುವುದಿಲ್ಲವಲ್ಲ. ಈಗ ಕಂಡ ಬದಲಾವಣೆ ಅಲೆಯದೋ, ಬಿಸಿಯದೋ? ಅದಕ್ಕೇ ಅಲೆ ಬಿಡದ ಇನ್ನೊಂದು ತಟ್ಟೆಯನ್ನೂ ಅಂಥದ್ದೇ ಪೆಟ್ಟಿಗೆಯಲ್ಲಿ, ಅಷ್ಟೇ ಬಿಸಿಯಲ್ಲಿ ಇಡಬೇಕು. ಡಿಎನ್ಎಗೆ ಬಿದ್ದ ಪೆಟ್ಟು ಎಣಿಸುವವರಿಗೆ ಯಾವ ತಟ್ಟೆ ಯಾವುದು ಅಂತ ಗೊತ್ತಾಗಬಾರದು. ಇಷ್ಟು ಕಟ್ಟುನಿಟ್ಟು ಮಾಡಿದ ಕಡೆ ವ್ಯತ್ಯಾಸ ಸಾಮಾನ್ಯವಾಗಿ ಕುಗ್ಗುತ್ತದೆ.

ಪೂರ್ತಿ ತಳ್ಳಿಹಾಕಲೂ ಆಗದು. 50 ನಿಮಿಷ ಫೋನ್ ಆನ್ ಇದ್ದಾಗ ಆಂಟೆನಾ ಹತ್ತಿರದ ಮಿದುಳು ಗ್ಲೂಕೋಸ್ ಜಾಸ್ತಿ ಬಳಸಿದ್ದು 2011ರ ಅಮೆರಿಕದ ಅಧ್ಯಯನದಲ್ಲಿ ಕಂಡಿತ್ತು. ಅದರಿಂದ ಕೆಡುಕು ಎಂದು ಅಧ್ಯಯನ ಮಾಡಿದವರು ಹೇಳಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಅಲೆಗಳನ್ನು 'ಕ್ಯಾನ್ಸರ್ ತರಬಹುದಾದ' 2ಬಿ ಗುಂಪಿಗೆ ಸೇರಿಸಿತು. ದಿನಕ್ಕೆ 9 ಗಂಟೆಯಂತೆ ಎರಡು ವರ್ಷ ಮೈತುಂಬ ಅಲೆ ಹಾಯಿಸಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡ ಅಮೆರಿಕದ ವರದಿ 2018ರಲ್ಲಿ ಬಂತು. ಅಲೆ ಹಾಯಿಸದ ಇಲಿಗಳಿಗಿಂತ ಅವೇ ಜಾಸ್ತಿ ದಿನ ಬದುಕಿದ್ದವು. ಅದನ್ನು ಮಾತ್ರ ವಾಟ್ಸಾಪ್‌ನಲ್ಲಿ ಯಾರೂ ಕಳಿಸಲ್ಲ!

ನಮ್ಮಲ್ಲಿ ಟವರ್‌ಗಳ ಅಲೆಗೆ ಇದ್ದ ಮಿತಿಯನ್ನು 2012ರಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು. ಫೋನಿನದು ಬೇರೆ ಲೆಕ್ಕ, ಅದು ಕಿವಿಗೇ ಅಂಟಿರುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಅದು ಮೆತ್ತಗೆ ಮಾತಾಡುತ್ತದೆ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತದೆ. ಹೊರಬೀಳುವ ಶಕ್ತಿ ನೂರಾರು ಪಟ್ಟು ಏರಿಳಿಯಬಹುದು. ಅಂದರೆ ಟವರ್ ದೂರ ಕಳಿಸಿದವರ ಕಿವಿಗೆ ಅಲೆ ಜಾಸ್ತಿಯೇ ಬೀಳಬಹುದು. ಚಿಂತೆಯಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ, ಲಿಫ್ಟ್‌ನಲ್ಲಿ ಮಾತು ಮುಂದುವರಿಸಬೇಡಿ. ರೇಡಿಯೇಷನ್ ತಡೆಯುವ ಸ್ಟಿಕ್ಕರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅದು ನಿಜಕ್ಕೂ ಆಂಟೆನಾಗೆ ಅಡ್ಡ ಬಂದರೆ ಫೋನ್ ಇನ್ನಷ್ಟು ಜೋರು ಮಾಡುತ್ತದೆ.