ದಿನಾ ವಾಕಿಂಗ್ ಮಾಡಿದರೂ ಹೊಟ್ಟೆ ಏಕೆ ಕರಗುವುದಿಲ್ಲ?

ಪ್ರಶ್ನೆ: ನನಗೆ ನಲವತ್ತಾರು ವರ್ಷ, ತೂಕ ಎಪ್ಪತ್ತು ಕಿಲೋ. ಹಾಸನದಲ್ಲಿ ಕುಳಿತು ಮಾಡುವ ಕಚೇರಿ ಕೆಲಸ. ಕೆಲವು ತಿಂಗಳಿಂದ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಒಂದು ಗಂಟೆ ನಡೆಯುತ್ತಿದ್ದೇನೆ. ಹೊಟ್ಟೆ ಮಾತ್ರ ಹಾಗೆಯೇ ಇದೆ. ಮುದ್ದೆ, ಅನ್ನ ಬಿಟ್ಟು ಓಟ್ಸ್ ತಿನ್ನಿ ಎಂದು ಒಬ್ಬರು, ಜಿಮ್ ಸೇರಿ ಪ್ರೋಟೀನ್ ಪುಡಿ ಕುಡಿಯಿರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ವಾಕಿಂಗ್ ಬಿಡಬೇಡಿ, ಮುದ್ದೆಯನ್ನೂ ಬಿಡಬೇಡಿ. ಪುಡಿಯ ಡಬ್ಬಿ ಬೇಡವೇ ಬೇಡ. ಜಿಮ್‌ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ನಡಿಗೆಯ ಲೆಕ್ಕ. ನಿಮ್ಮ ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ 200ರಿಂದ 250 ಕ್ಯಾಲೊರಿ ಖರ್ಚಾಗುತ್ತದೆ. ಕೇಳಿದವರಿಗೆ ನಿರಾಸೆಯಾಗುವಷ್ಟು ಸಣ್ಣ ಸಂಖ್ಯೆ ಅದು. ಪಾರ್ಕಿನಿಂದ ಹೊರಬಂದು ಗೆಳೆಯರ ಜೊತೆ ಎರಡು ಉದ್ದಿನ ವಡೆ, ಚಟ್ನಿ, ಒಂದು ಕಾಫಿ ಮುಗಿಸಿದರೆ ಖರ್ಚಾಗಿದ್ದಕ್ಕಿಂತ ಹೆಚ್ಚೇ ಒಳಗೆ ಸೇರಿರುತ್ತದೆ. ವಡೆ ತಿನ್ನದವರ ಮನೆಯಲ್ಲೂ ಕಾಫಿಯ ಲೆಕ್ಕ ಇದ್ದೇ ಇದೆ. ಸಕಲೇಶಪುರದ ತೋಟಗಳು ಪಕ್ಕದಲ್ಲೇ ಇರುವ ಊರಿನಲ್ಲಿ ದಿನಕ್ಕೆ ಐದು ಲೋಟ ಕಾಫಿ ಯಾರಿಗೂ ಹೆಚ್ಚೆನಿಸುವುದಿಲ್ಲ. ಲೋಟಕ್ಕೆ ಎರಡು ಚಮಚದಂತೆ ಹತ್ತು ಚಮಚ ಸಕ್ಕರೆ, ಅಂದರೆ ಸುಮಾರು 50 ಗ್ರಾಂ, 200 ಕ್ಯಾಲೊರಿ. ಒಂದು ಗಂಟೆಯ ನಡಿಗೆ ಅಲ್ಲಿಗೆ ವಜಾ. ಬೇರಾವ ಸಿಹಿಯನ್ನೂ ಮುಟ್ಟದಿದ್ದರೂ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹಾಕಿರುವ ಸಕ್ಕರೆಯ ಮೇಲ್ಮಿತಿಯನ್ನು ಬರೀ ಕಾಫಿಯೇ ಮುಟ್ಟಿಬಿಟ್ಟಿತು. ಕಾಫಿ ಬಿಡಿ ಎಂದು ಹಾಸನದಲ್ಲಿ ಕುಳಿತು ಬರೆಯುವ ಧೈರ್ಯ ನನಗಿಲ್ಲ. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ. ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಹಾಗಾದರೆ ನಡೆದದ್ದೆಲ್ಲ ದಂಡವೇ? ಖಂಡಿತ ಅಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನೀವು ಅದನ್ನು ಆಗಲೇ ದಾಟಿದ್ದೀರಿ. ಹೊಟ್ಟೆ ಒಂದಿಂಚೂ ಇಳಿಯದಿದ್ದರೂ ರಕ್ತದೊತ್ತಡ, ರಕ್ತದ ಸಕ್ಕರೆ, ಹೃದಯ, ನಿದ್ದೆ ಇವುಗಳಿಗೆ ಅದರ ಲಾಭ ಸಿಗುತ್ತಿರುತ್ತದೆ. ನಡಿಗೆಯನ್ನು ತೂಕದ ಯಂತ್ರದಿಂದಷ್ಟೇ ಅಳೆಯುವುದು ಅದಕ್ಕೆ ಮಾಡುವ ಅನ್ಯಾಯ. ವೇಗವನ್ನು ಮಾತ್ರ ಗಮನಿಸಿ: ಮಾತನಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮೂರಿನಲ್ಲಿ ರಾಜಕೀಯಕ್ಕೆ ಎಂದೂ ಬರವಿಲ್ಲ. ಚರ್ಚೆ ಕಾವೇರಿದಷ್ಟೂ ಗುಂಪಿನ ಕಾಲು ನಿಧಾನವಾಗುವುದನ್ನು ಆ ಪಾರ್ಕಿನಲ್ಲಿ ಯಾವ ದಿನ ಬೇಕಾದರೂ ನೋಡಬಹುದು. ಇನ್ನೊಂದು ಮಾತು: ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ಊಟದ ನಂತರ ಏರುವ ಸಕ್ಕರೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಬೆಳಗಿನ ಒಂದು ಗಂಟೆಯನ್ನು ಒಡೆದು ಅರ್ಧವನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಂಡರೂ ತಪ್ಪಿಲ್ಲ.

ಈಗ ತಟ್ಟೆಗೆ ಬನ್ನಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ 350ರ ಹತ್ತಿರ, ನೂರು ಗ್ರಾಂ ಓಟ್ಸಿನಲ್ಲಿ 380ರ ಆಸುಪಾಸು. ಓಟ್ಸ್ ತಿಂದು ಇಳಿದವರು ಇಳಿದದ್ದು ಅದನ್ನು ಸಣ್ಣ ಬಟ್ಟಲಿನಲ್ಲಿ ತಿಂದದ್ದಕ್ಕೆ. ನಾರಿನ ವಿಷಯದಲ್ಲಿ ರಾಗಿ ಓಟ್ಸಿಗೆ ಸರಿಸಮ, ಕ್ಯಾಲ್ಸಿಯಂನಲ್ಲಿ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ: ನೂರು ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು. ಹಾಗೆಂದು ಮುದ್ದೆ ಎಷ್ಟು ನುಂಗಿದರೂ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆಯೂ ಸುಳ್ಳು. ನುಣ್ಣಗೆ ಬೀಸಿದ ಹಿಟ್ಟು, ಅಗಿಯದೆ ನುಂಗುವ ಊಟ. ಸಕ್ಕರೆ ಕಾಯಿಲೆ ಇರುವವರು ಉಂಡೆಯ ಗಾತ್ರ ನೋಡಿಕೊಳ್ಳಲೇಬೇಕು.

ನನ್ನ ದೂರು ಇರುವುದು ಮುದ್ದೆಯ ಮೇಲಲ್ಲ, ಅದರ ಪಕ್ಕದಲ್ಲಿರುವುದರ ಮೇಲೆ. ಬಸ್ಸಾರು ಮಾಡುವ ಕ್ರಮವನ್ನೇ ನೋಡಿ. ಹುರುಳಿಕಾಳನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸುತ್ತೇವೆ. ಕಟ್ಟನ್ನು ಬಸಿದು, ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಉಳಿದ ಕಾಳು, ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಪ್ರೋಟೀನ್ ಮತ್ತು ನಾರಿನ ಬಹುಪಾಲು ಉಳಿಯುವುದು ಆ ಪಲ್ಯದಲ್ಲಿ. ಊಟಕ್ಕೆ ಕುಳಿತಾಗ ಆಗುವುದೇನು? ಎರಡು ಮುದ್ದೆ, ಸೌಟುಗಟ್ಟಲೆ ಸಾರು, ಮೇಲೆ ಅನ್ನ, ಅದಕ್ಕೂ ಸಾರು; ಪಲ್ಯ ಮಾತ್ರ ತಟ್ಟೆಯ ಅಂಚಿನಲ್ಲಿ ಎರಡು ಚಮಚ, ನೆಂಜಿಕೊಳ್ಳಲು. ಇದನ್ನು ತಿರುಗಿಸಿ. ಮುದ್ದೆ ಒಂದು, ಪಲ್ಯ ಒಂದು ಬಟ್ಟಲು ತುಂಬ, ಅನ್ನ ಬೇಕೆನಿಸಿದರೆ ಕೊನೆಗೆ ಒಂದು ಹಿಡಿ ಮಜ್ಜಿಗೆಗೆ. ಹೊಟ್ಟೆ ತುಂಬುತ್ತದೆ, ಸಂಜೆ ನಾಲ್ಕಕ್ಕೆ ಬಜ್ಜಿಯ ನೆನಪು ಬರುವುದಿಲ್ಲ.

ಪ್ರೋಟೀನ್ ಪುಡಿಯ ಮಾತು ಇಲ್ಲಿಗೇ ಮುಗಿಯುತ್ತದೆ. ಎಪ್ಪತ್ತು ಕಿಲೋದವರಿಗೆ ದಿನಕ್ಕೆ ಸುಮಾರು 58 ಗ್ರಾಂ ಪ್ರೋಟೀನ್ ಬೇಕು. ನೂರೈವತ್ತು ಗ್ರಾಂ ರಾಗಿಯಿಂದ 10, ನೂರು ಗ್ರಾಂ ಅಕ್ಕಿಯಿಂದ 7, ಅರವತ್ತು ಗ್ರಾಂ ಕಾಳು-ಬೇಳೆಯಿಂದ 13, ನಾನೂರು ಮಿಲಿಲೀಟರ್ ಹಾಲು-ಮೊಸರಿನಿಂದ 12, ಒಂದು ಹಿಡಿ ಕಡಲೆಕಾಯಿ ಬೀಜದಿಂದ 6, ಒಂದು ಮೊಟ್ಟೆಯಿಂದ 6, ಸೊಪ್ಪು-ತರಕಾರಿಯಿಂದ ಮೂರು ನಾಲ್ಕು. ಕೂಡಿಸಿ ನೋಡಿ. ಮೊಟ್ಟೆ ತಿನ್ನದವರು ಕಾಳು ಇನ್ನೊಂದು ಹಿಡಿ ಹೆಚ್ಚಿಸಿದರಾಯಿತು; ಅವರೆಕಾಯಿ ಕಾಲದಲ್ಲಂತೂ ಅದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬಳಸಬೇಡಿ ಎಂದೇ ಹೇಳುತ್ತದೆ.

ಅದೇ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಸೊಪ್ಪು, ತರಕಾರಿ ಸೇರಿ 400 ಗ್ರಾಂ ಬೇಕು. ಪೌಷ್ಟಿಕತೆಯ ಲೆಕ್ಕದಲ್ಲಿ ಆಲೂಗಡ್ಡೆ ತರಕಾರಿಯಲ್ಲ, ಅದು ಅನ್ನದ ಸಾಲಿಗೆ ಸೇರಿದ್ದು. ಆಲೂಗಡ್ಡೆ ಬೆಳೆದೇ ಹೆಸರಾದ ಜಿಲ್ಲೆಯವರಿಗೆ ಈ ಮಾತು ರುಚಿಸದು, ಆದರೂ ಅನ್ನದ ಜೊತೆ ಆಲೂಗಡ್ಡೆ ಪಲ್ಯ ಹಾಕಿಕೊಂಡು ತರಕಾರಿ ತಿಂದೆ ಎಂದುಕೊಳ್ಳುವಂತಿಲ್ಲ. ಎಣ್ಣೆಯನ್ನು ಒಬ್ಬರಿಗೆ ದಿನಕ್ಕೆ 27 ಗ್ರಾಂಗೆ ನಿಲ್ಲಿಸಿ ಎನ್ನುತ್ತಾರೆ. ಒಗ್ಗರಣೆ ಹಾಕುವಾಗ ಯಾರೂ ತಕ್ಕಡಿ ಹಿಡಿಯುವುದಿಲ್ಲ. ತಿಂಗಳ ಸಾಮಾನಿನ ಚೀಟಿ ನೋಡಿದರೆ ಸಾಕು. ನಾಲ್ಕು ಜನರ ಮನೆಗೆ ಎಣ್ಣೆ, ತುಪ್ಪ ಎಲ್ಲ ಸೇರಿ ಮೂರು ಕಿಲೋ ಚಿಲ್ಲರೆಗಿಂತ ಹೆಚ್ಚು ಬರುತ್ತಿದ್ದರೆ ಹೊಟ್ಟೆಯ ಗುಟ್ಟು ಅಲ್ಲೇ ಇದೆ.

ನಿಮ್ಮ ದಿನಚರಿಯಲ್ಲಿ ನಿಜವಾಗಿ ಇಲ್ಲದಿರುವುದು ಸ್ನಾಯುಗಳಿಗೆ ಭಾರ ಕೊಡುವ ಕೆಲಸ. ವರ್ಷವಿಡೀ ಸಮತಟ್ಟಾದ ದಾರಿಯಲ್ಲಿ ನಡೆದವರೂ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕಂಬಿ ಹಿಡಿದು ನಿಲ್ಲುತ್ತಾರೆ. ತೊಡೆಯಲ್ಲಿ ಕಸುವು ಇಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಬಳಸದಿದ್ದರೆ ಇನ್ನೂ ಬೇಗ. ಅದಕ್ಕೇ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎನ್ನುವುದು. ನಮ್ಮ ಗರಡಿಮನೆಯ ದಂಡ, ಬಸ್ಕಿ ಇದಕ್ಕೇ ಇದ್ದವು. ನೆಲದ ಮೇಲೆ ದಂಡ ಕಷ್ಟವಾದರೆ ಗೋಡೆಗೆ ಅಂಗೈ ಊರಿ, ಎರಡು ಹೆಜ್ಜೆ ಹಿಂದೆ ನಿಂತು, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತನ್ನಿ, ಮತ್ತೆ ತಳ್ಳಿ. ಬಸ್ಕಿಗೆ ಮಂಡಿ ಒಪ್ಪದಿದ್ದರೆ ಕುರ್ಚಿಯ ಮೇಲೆ ಕೂತು ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂರಿ. ದೊಪ್ಪನೆ ಬಿದ್ದರೆ ಲೆಕ್ಕಕ್ಕಿಲ್ಲ. ಹತ್ತು ಸಲ, ಸ್ವಲ್ಪ ದಣಿವಾರಿಸಿಕೊಂಡು ಮತ್ತೆ ಹತ್ತು. ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಅಂಗಳದಲ್ಲಿ ಓಡಾಡುವುದೂ ಒಳ್ಳೆಯ ವ್ಯಾಯಾಮವೇ. ಜಡಿಮಳೆ ಹಿಡಿದು ಪಾರ್ಕಿಗೆ ಹೋಗಲಾಗದ ಆಷಾಢದ ದಿನಗಳಿಗೆ ಇವು ಹೇಳಿ ಮಾಡಿಸಿದಂತಿವೆ. ಹೊಟ್ಟೆಗೆಂದೇ ಮಲಗಿ ಏಳುವ ಕಸರತ್ತನ್ನು ನೂರು ಸಲ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಕೊಬ್ಬು ಹಾಗೆಯೇ ಇರುತ್ತದೆ. ಯಾವ ಜಾಗದ ಕೊಬ್ಬು ಮೊದಲು ಕರಗಬೇಕೆಂಬ ತೀರ್ಮಾನ ನಮ್ಮ ಕೈಯಲ್ಲಿಲ್ಲ.

ಅಳತೆಗೆ ತಕ್ಕಡಿಗಿಂತ ದರ್ಜಿಯ ಟೇಪು ಮೇಲು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ ಸುತ್ತಿ, ಉಸಿರು ಸಹಜವಾಗಿ ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವವರು ನೀವೇ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ತಿಂಗಳಿಗೊಮ್ಮೆ ಅಳೆದರೆ ಸಾಕು.

ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಅವರನ್ನು ಕೇಳಬೇಕು. ಸ್ವಲ್ಪ ನಡೆದರೂ ಏದುಸಿರು ಬರುವ ಹೆಂಗಸರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. 12ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಚಿಕಿತ್ಸೆ ಮೊದಲು, ತೂಕದ ಚಿಂತೆ ಆಮೇಲೆ. ಊಟವಾದ ಕೂಡಲೇ ಕುಡಿಯುವ ಕಾಫಿ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಅದನ್ನು ಒಂದು ಗಂಟೆ ಮುಂದೂಡುವುದು ಒಳ್ಳೆಯದು.

ಇನ್ನು ಜಿಮ್. ಮನೆಯಲ್ಲಿ ಒಬ್ಬರೇ ಮಾಡಲು ಬೇಸರ, ಹೇಳಿಕೊಡುವವರು ಇದ್ದರೆ ಹುರುಪು ಎನ್ನುವವರಾದರೆ ಧಾರಾಳವಾಗಿ ಸೇರಿ, ಅಲ್ಲಿನ ಭಾರಗಳು ಬಕೆಟ್‌ಗಿಂತ ಅನುಕೂಲ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಮೊದಲು ಒಂದು ತಿಂಗಳದ್ದು ಮಾತ್ರ ಕಟ್ಟಿ.